ಎಮ್ಮೆಯ ಹಾಲು ಅಶುದ್ಧವಾದ ಕಾಲ

ಕಾರ್ಖಾನೆಯಲ್ಲಿ ತಯಾರಾದ ಹಾಲು ಮಾತ್ರ ಶುದ್ಧ ಎಂಬ ಕಾನೂನು ಬಂದು ಒಂದು ತಲೆಮಾರೇ ಕಳೆದಿತ್ತು. ಕೆಚ್ಚಲಿನಿಂದ ಕರೆದ ಹಾಲನ್ನು ಸರ್ಕಾರ ಕಲಬೆರಕೆ ಎಂದು ಸಾರಿತ್ತು. ಆದರೂ ಗೋಕಾಕದ ನೀಲವ್ವ ಹಿತ್ತಲ ಕೋಣೆಯಲ್ಲಿ ಒಂದು ಎಮ್ಮೆ ಸಾಕಿದ್ದಳು. ಅದು ಒದರಿದರೆ ಹೊರಗೆ ಕೇಳಬಾರದೆಂದು ಸದಾ ರೇಡಿಯೊ ಹಚ್ಚಿಡುತ್ತಿದ್ದಳು.

ಈ ಗುಟ್ಟು ಪಕ್ಕದ ಮನೆಯ ಶಕುಂತಲಾ ಒಬ್ಬಳಿಗೇ ಗೊತ್ತಿತ್ತು. ಅವಳ ಕೂಸಿಗೆ ಕಾರ್ಖಾನೆಯ ಹಾಲು ಒಗ್ಗದೆ ವಾಂತಿಯಾಗುತ್ತಿದ್ದುದನ್ನು ನೋಡಲಾರದೆ ನೀಲವ್ವನೇ ಅವಳನ್ನು ಕರೆದು ದಿನಾಲೂ ಹಾಲು ಕೊಡತೊಡಗಿದ್ದಳು. ಕೂಸು ಮೈ ತುಂಬಿಕೊಂಡಿತ್ತು.

ಒಂದು ಮುಂಜಾನೆ ಶುದ್ಧತೆ ಇಲಾಖೆಯವರು ಬಂದರು. ಮನೆಯನ್ನು ಹುಡುಕದೆ ನೇರವಾಗಿ ಹಿತ್ತಲಿಗೇ ನಡೆದು, ಎಮ್ಮೆಯನ್ನು ಲಾರಿಗೆ ಹತ್ತಿಸಿದರು. ಬಾಗಿಲಲ್ಲಿ ನಿಂತಿದ್ದ ಶಕುಂತಲಾ ತಲೆ ತಗ್ಗಿಸಿದಳು.

"ಅಂಗನವಾಡ್ಯಾಗ ಕೂಸಿನ ರಕ್ತ ತಗದು ನೋಡಿದ್ರು, ಅಕ್ಕಾ. ಹಾಲು ಕೊಟ್ಟವ್ರ ಹೆಸರು ಹೇಳದಿದ್ರ ಕೂಸನ್ನ ಒಯ್ತೀವಿ ಅಂದ್ರು."

"ನನಗೊಂದ್ ಮಾತು ಹೇಳಿದ್ರ ಎಮ್ಮಿನ ಬ್ಯಾರೆ ಕಡೆ ಸಾಗಿಸ್ತಿದ್ನೆಲ್ಲವಾ," ಎಂದಳು ನೀಲವ್ವ. "ಹೆಸರು ಹೇಳಿ ಎಷ್ಟ ದಿನ ಆತು?"

"ವಾರ ಆತು."

ಆ ವಾರವೆಲ್ಲ ಅವಳು ದಿನವೂ ನಗುನಗುತ್ತ ಬಂದು ಹಾಲು ಒಯ್ದಿದ್ದಳು.

ಸಂಜೆ ಕೂಸು ಹಸಿದು ಅಳತೊಡಗಿತು. ಶಕುಂತಲಾ ಅದನ್ನು ಎತ್ತಿಕೊಂಡು ಬಂದಳು.

"ಮೊಸರೇನರ ಉಳದೈತೇನು, ಅಕ್ಕಾ?"

ನೀಲವ್ವ ಅಟ್ಟದ ಮೇಲೆ ಬಚ್ಚಿಟ್ಟಿದ್ದ ಗಡಿಗೆ ಇಳಿಸಿದಳು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊಟ್ಟೆ ತುಂಬ ಮೊಸರನ್ನ ಉಣ್ಣಿಸಿ, ಬಾಯಿ ಒರೆಸಿ, ತಾಯಿಯ ಕೈಗೆ ಕೊಟ್ಟಳು.

"ಇದನ್ನೂ ಹೋಗಿ ಹೇಳವಾ," ಎಂದು ಬಾಗಿಲು ಹಾಕಿಕೊಂಡಳು.