ನೊರೆಗೂಡು

“ಅಳಿಯಂದ್ರೇ, ಹೆತ್ತಪ್ಪನೇ ಮೊಟ್ಟೆ ನುಂಗ್ತಿದ್ದಾನೆ!” ಎನ್ನುತ್ತ ಅತ್ತೆ, ಒಂದು ಕೈಯಲ್ಲಿ ಹಸುಗೂಸನ್ನು ಅವುಚಿಕೊಂಡೇ ಇನ್ನೊಂದು ಕೈಯಿಂದ ಮೀನಿನ ತೊಟ್ಟಿಗೆ ಬಲೆ ಇಳಿಸಿಬಿಟ್ಟರು.

ಅಳಿಯ ಬಲೆಯನ್ನು ತಡೆದ. “ನಿಲ್ಲಿ ಅತ್ತೆ, ತಿನ್ನೋದು ತಾಯಿ. ಅದನ್ನ ಆಗ್ಲೇ ಬೇರೆ ಇಟ್ಟಿದ್ದೀನಿ. ಇವನು ಕಾವಲಿಗಿರೋನು.”

“ಗಂಡಸಿನ ಕೈಗೆ ಕೂಸು ಕೊಟ್ರೆ ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗೆ,” ಎಂದರು ಅತ್ತೆ. ಮೊಮ್ಮಗಳು ಹುಟ್ಟಿದಾಗಿನಿಂದ ಇದೇ ಮಾತು ಹೇಳಿ, ಅವನಿಗೆ ಮಗುವನ್ನು ಎತ್ತಿಕೊಳ್ಳಲು ಬಿಟ್ಟಿರಲಿಲ್ಲ. ಅವನೋ ಗಡಿಯಾರ ರಿಪೇರಿಯವನು. ಸಾಸಿವೆಗಿಂತ ಸಣ್ಣ ತಿರುಪನ್ನೂ ಬೀಳಿಸದ ಕೈ.

ಅಷ್ಟರಲ್ಲಿ ನೀಲಿ ಮೀನು ಕೆನ್ನೆ ಉಬ್ಬಿಸಿಕೊಂಡು ಮೇಲೇರಿತು. ನೀರಿನ ಮೇಲೆ ತಾನೇ ಊದಿ ಕಟ್ಟಿದ್ದ ನೊರೆಗೂಡಿಗೆ ಬಾಯಿಟ್ಟು, ಮೊಟ್ಟೆಯನ್ನು ಮೆಲ್ಲಗೆ ಉಗುಳಿ ಅಂಟಿಸಿತು. ಪಕ್ಕದಿಂದ ಇನ್ನೊಂದು ಜಾರಿತು. ಅದು ತಳ ಮುಟ್ಟುವ ಮೊದಲೇ ಮೀನು ಬಾಯಲ್ಲಿ ಹಿಡಿದು ಮತ್ತೆ ಗೂಡಿಗೆ ಸೇರಿಸಿತು.

“ಅಯ್ಯೋ ನನ್ನಪ್ಪಾ,” ಎಂದು ಅತ್ತೆ ಮೀನಿಗೇ ಹೇಳಿದರು. ಬಲೆಯನ್ನು ಪಕ್ಕಕ್ಕಿಟ್ಟು, ಮತ್ತೊಂದು ಮೊಟ್ಟೆ ಬಿದ್ದು ಗೂಡು ಸೇರುವವರೆಗೂ ರೆಪ್ಪೆ ಮಿಟುಕಿಸದೆ ನಿಂತರು. ಆಮೇಲೆ ಅಳಿಯನ ಕಡೆ ತಿರುಗಿದರು.

“ಸುಮ್ನೆ ನಿಂತ್ಕೊಂಡ್ರೆ ಹೇಗೆ? ಕೈ ಚಾಚಿ. ತಲೆ ಕೆಳಗೆ ಒಂದು ಕೈ ಇರ್ಲಿ.”