ರಾಜೀನಾಮೆ ರಾಯರ ಹೊಸ ಮೇಲ್

ರಾಜೀನಾಮೆ ಕಳಿಸಿದ ಉಗ್ರಾಣದ ಮೇಲ್ವಿಚಾರಕರು ಇನ್ನೂ ಕುರ್ಚಿಗೆ ಒರಗಿರಲಿಲ್ಲ, ಯಜಮಾನರ ಉತ್ತರ ಬಂದೇಬಿಟ್ಟಿತು: 'ತಿಳಿಸಿದ್ದಕ್ಕೆ ಧನ್ಯವಾದ! ಹಾಗೇ ಆಗಲಿ.' ಪಕ್ಕದಲ್ಲಿ ಎತ್ತಿ ಹಿಡಿದ ಹಳದಿ ಹೆಬ್ಬೆರಳು ಬೇರೆ.

ಅವರು ಅದನ್ನು ಎರಡೆರಡು ಸಲ ಓದಿದರು. ವರ್ಷಕ್ಕೊಮ್ಮೆ, ಸಂಬಳ ಏರಿಸುವ ಕಾಲಕ್ಕೆ ಸರಿಯಾಗಿ ರಾಜೀನಾಮೆ ಕೊಡುವುದು ಅವರು ತಪ್ಪದೆ ನಡೆಸಿಕೊಂಡು ಬಂದ ವ್ರತ. ಆ ಬಣ್ಣದ ಕಾರ್ಖಾನೆಯಲ್ಲಿ ಅವರಿಗೆ 'ರಾಜೀನಾಮೆ ರಾಯರು' ಎಂದೇ ಹೆಸರು. ಆತ್ಮಗೌರವ, ಅನಾರೋಗ್ಯ, ಬೇರೆ ಕಂಪನಿಯವರ ಕರೆ ಎಲ್ಲವನ್ನೂ ಹದವಾಗಿ ಬೆರೆಸಿ ಮೂರು ಪುಟ ಬರೆಯುತ್ತಿದ್ದರು. ಯಜಮಾನರು ಫೋನ್ ಮಾಡಿ "ಅಯ್ಯೋ, ನೀವಿಲ್ಲದೆ ಹೇಗ್ರೀ?" ಅನ್ನಬೇಕು, ರಾಯರು ಮುನಿಸು ಬಿಟ್ಟು ಏರಿದ ಸಂಬಳಕ್ಕೆ ದೊಡ್ಡ ಮನಸ್ಸು ಮಾಡಿ ಒಪ್ಪಬೇಕು. ಬೇರೆ ಕಂಪನಿಯ ಕರೆ ಶುದ್ಧ ಬುರುಡೆ. ಈ ವಯಸ್ಸಿನಲ್ಲಿ ಅವರನ್ನು ಕರೆಯುವವರು ಯಾರೂ ಇರಲಿಲ್ಲ. ಈ ಸಲದ ಏರಿಕೆಯನ್ನು ನಂಬಿ ಅವರ ಹೆಂಡತಿ ಆಗಲೇ ಹೊಸ ಸೋಫಾ ತರಿಸಿಯಾಗಿತ್ತು.

ನಡುವೆ ಬಂದದ್ದು ಈ ಹೊಸ ಮೇಲ್ ಸೇವೆ. ಒಂದು ತಿಂಗಳು ಬಳಸಿ ನೋಡುವುದು, ಹಿಡಿಸಿದರೆ ಇಟ್ಟುಕೊಳ್ಳುವುದು ಎಂದು ಮಾತಾಗಿತ್ತು. ತಂದವರು ಯಾರು? ಸಾಕ್ಷಾತ್ ರಾಯರೇ. ಯಜಮಾನರ ಪಕ್ಕ ನಿಂತು ಪಾಠ ಹೇಳಿಕೊಟ್ಟವರೂ ಅವರೇ: "ಟೈಪ್ ಮಾಡೋ ರಗಳೆಯೇ ಇಲ್ಲ ಸಾರ್. ಬಂದ ಮೇಲ್ ಕೆಳಗೆ ಮೂರು ಉತ್ತರ ತಾನೇ ಬರೆದಿಟ್ಟಿರುತ್ತೆ. ಯಾವುದಾದ್ರೂ ಒಂದನ್ನ ಒತ್ತಿದ್ರೆ ಆಯ್ತು." ತಲೆಯ ಮೇಲೆ ಚಪ್ಪಡಿ ಎಳೆದುಕೊಳ್ಳುವವರೂ ಇಷ್ಟು ಮುತುವರ್ಜಿಯಿಂದ ಎಳೆದುಕೊಳ್ಳುವುದಿಲ್ಲ.

ರಾಯರು ಯಜಮಾನರ ಕೋಣೆಗೆ ಓಡಿದರು.

"ಸಾರ್, ಕೈತಪ್ಪಿ ಏನೋ ಒತ್ತಿಬಿಟ್ಟಿದ್ದೀರಿ. ನನ್ನ ಪತ್ರ ಓದ್ಲಿಲ್ವಾ?"

"ಓದಿದೆನಲ್ರೀ. ಹೋದ ವರ್ಷದ್ದಕ್ಕಿಂತ ಚೆನ್ನಾಗಿದೆ. ಮಂಡಿ ನೋವು ಹೊಸದು, ಅಲ್ವಾ?"

"ಮತ್ತೆ... ಯಾವಾಗ್ಲಿನ ಹಾಗೆ ಫೋನ್ ಮಾಡ್ಲಿಲ್ಲ?"

ಯಜಮಾನರು ಕನ್ನಡಕ ತೆಗೆದು ಮನಸಾರೆ ನಕ್ಕರು. "ಮೂರು ಪುಟಕ್ಕೆ ಉತ್ತರ ಬರೆಯೋಕೆ ಯಾರಿಗ್ರೀ ಪುರುಸೊತ್ತು? ಆ ಸೋಮಾರಿತನಕ್ಕೇ ಪ್ರತಿ ವರ್ಷ ಒಂದು ಫೋನ್ ಮಾಡಿ ನಿಮ್ಮನ್ನ ಉಳಿಸಿಕೊಳ್ತಿದ್ದೆ. ಈ ಸಲ ಒಂದೇ ಬೆರಳಿಗೆ ಮುಗೀತು. ಎಂಥಾ ಸೇವೆ ತಂದ್ರೀ! ತಿಂಗಳು ಯಾಕೆ ಕಾಯೋದು ಅಂತ ಇವತ್ತೇ ಅದನ್ನ ಖಾಯಂ ಮಾಡಿಬಿಟ್ಟೆ."

ರಾಯರಿಗೆ ಅಳುವೇ ಬಂತು. ಈಗ ಮಂಡಿ ನಿಜವಾಗಿಯೂ ನೋಯುತ್ತಿತ್ತು. ಹೇಗೋ ತಮ್ಮ ಮೇಜಿಗೆ ಬಂದು ಕೂತರೆ, ಆಫೀಸಿನ ಎಲ್ಲರಿಗೂ ಹೋದ ಮೇಲ್ ಒಂದು ಅವರಿಗೂ ಬಂದಿತ್ತು: 'ನಮ್ಮ ಉಗ್ರಾಣದ ಮೇಲ್ವಿಚಾರಕರಿಗೆ ಶುಕ್ರವಾರ ಸಂಜೆ ಬೀಳ್ಕೊಡುಗೆ.'

ಕೆಳಗೆ ಮೂರು ಉತ್ತರಗಳು ಸಿದ್ಧವಾಗಿ ಕಾದಿದ್ದವು: 'ಖಂಡಿತ ಬರುತ್ತೇನೆ', 'ಎಷ್ಟು ಹೊತ್ತಿಗೆ?', 'ಉಡುಗೊರೆಗೆ ನನ್ನ ಪಾಲೂ ಇರಲಿ'.