ಸದ್ದಿಲ್ಲದ ವ್ಯಾನು

ಗಂಟಲಿನ ಆಪರೇಷನ್ ಆದ ಮೇಲೆ ನೀಲವ್ವನ ದನಿ ಬರೀ ಪಿಸುಮಾತಾಗಿ ಉಳಿದಿತ್ತು. ಬರೆದು ತೋರಿಸೋಣವೆಂದರೆ ಅಕ್ಷರ ಬಾರದು. ಮಕ್ಕಳ ಮುಂದೆ ಆಕೆ ಬಾಯಿ ತೆರೆಯುತ್ತಿರಲಿಲ್ಲ. ಏನಿದ್ದರೂ ದಿನವೂ ಚಿಕಿತ್ಸೆಗೆಂದು ಹೋಗುವ ದವಾಖಾನೆಯ ದಾರಿಯಲ್ಲಿ, ಗಂಡನೊಬ್ಬನೇ ಇರುವಾಗ ಹೇಳುತ್ತಿದ್ದಳು. ಆದರೆ ಹಳೇ ಡೀಸೆಲ್ ವ್ಯಾನಿನ ಗದ್ದಲದಲ್ಲಿ ಅದು ಗುರುಪಾದನಿಗೆ ಕೇಳಿಸುತ್ತಲೇ ಇರಲಿಲ್ಲ.

"ಏನು ಹಾಕಿದ್ರ ಗಾಡಿಯೊಳಗ ಸಪ್ಪಳ ಕಡಿಮಿ ಆಗ್ತದ?" ಎಂದು ಅವನು ಗಾಡಿ ಸಾಮಾನಿನ ಅಂಗಡಿಯಲ್ಲಿ ಕೇಳಿದ.

"ಡಾಂಬರಿನ ಹಾಳಿ ಸೋವಿ ಅದಾವ್ರಿ. ಆದರ ಬಿಸಲಿಗೆ ವಾಸನಿ ಹೊಡೀತಾವ."

"ವಾಸನಿ ಆಕಿಗೆ ಆಗೂದಿಲ್ಲ, ಬ್ಯಾಡ."

"ಹಂಗಾರ ತಳಕ್ಕ, ಬಾಗಲಕ್ಕ ರಬ್ಬರ್ ಹಾಳಿ ಬಡದು, ಮ್ಯಾಲೆ ಫೋಮ್ ಹಾಸೂಣ್ರಿ. ಹಾಡು ಭಾಳ ಚಲೋ ಕೇಳಸ್ತಾವ."

"ಹಾಡಲ್ಲೋ ತಮ್ಮಾ. ನಮ್ಮ ಮನಿಯಾಕಿ ಮಾತು ಕೇಳಬೇಕಾಗೇದ."

ಅಂಗಡಿಯವನು ಸೀಟು ಬಿಚ್ಚತೊಡಗಿದ.

ಮರುದಿನ ದವಾಖಾನೆಗೆ ಹೊರಟಾಗ ವ್ಯಾನಿನೊಳಗೆ ನೀಲವ್ವನ ಬಳೆಯ ಸದ್ದೂ ಕೇಳುವಂತಿತ್ತು. ಗುರುಪಾದನಿಗೆ ಹಿಗ್ಗೋ ಹಿಗ್ಗು. ಊರು ದಾಟಿದ ಮೇಲೆ ಆಕೆ ಅವನ ಕಡೆ ಬಾಗಿದಳು. ಈ ಸಲ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು.

"ಸಾಕ್ರೀ, ಇನ್ನ ನನಗ ತಡಕೊಳ್ಳಾಕ ಆಗೂದಿಲ್ಲ. ಗಾಡಿ ಹೊಳ್ಳಸ್ರಿ. ಮನ್ಯಾಗ ಸಾಯ್ತೀನಿ."

ಗುರುಪಾದ ರಸ್ತೆಯಂಚಿಗೆ ಗಾಡಿ ನಿಲ್ಲಿಸಿದ.

"ಮೊದಲ ಯಾಕ ಹೇಳಲಿಲ್ಲ ನೀಲಾ?"

"ದಿನಾ ಇದನ್ನ ಹೇಳ್ತಿದ್ದೆ," ಎಂದಳು ಆಕೆ. "ನೀವು ನಕ್ಕೋತ 'ಹೂಂ, ಹೂಂ' ಅಂತಿದ್ರಿ."